ಅಂಟಿಯೂ ಅಂಟದ ಕಾವಲಿ

ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆಯನ್ನು ಕೇಳದವರಿಲ್ಲ. ಸಂಸಾರದ ತಾಪತ್ರಯ ಮಿತಿಮೀರಿದವರು ಅದಕ್ಕೆ ಇನ್ನೊಂದು ಮಾತನ್ನು ಸೇರಿಸುವುದುಂಟು: ಎಲ್ಲರ ಮನೆಯ ದೋಸೆ ತೂತಾದರೆ ನಮ್ಮ ಮನೆಯ ಕಾವಲಿಯೇ ತೂತು! ನಾನ್‌ಸ್ಟಿಕ್ ಕಾವಲಿ ಅಡುಗೆಮನೆಯನ್ನು ಹೊಕ್ಕ ಮೇಲೆ ಈ ಎರಡನೆಯ ಮಾತು ಹೆಚ್ಚುಕಡಮೆ ನಿಜವಾಗತೊಡಗಿದೆ. ಕಬ್ಬಿಣದ ಕಾವಲಿ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬರುತ್ತಿತ್ತು. ಈ ಹೊಸ ಕಾವಲಿಯಾದರೋ ಒಂದು ದೀಪಾವಳಿಗೆ ಬಂದರೆ ಮುಂದಿನ ದೀಪಾವಳಿಯ ಹೊತ್ತಿಗೆ ಅದರ ಕರಿಯ ಲೇಪ ಅಲ್ಲಲ್ಲಿ ಕಿತ್ತು, ಒಳಗಿನ ಬಿಳಿಯ ಲೋಹ ಇಣುಕುತ್ತಿರುತ್ತದೆ.

ಬೆಂಗಳೂರಿನ ಯಾವುದಾದರೊಂದು ಹಳೆಯ ಬಡಾವಣೆಯ ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನರಿಗೆ ಎದೆನೋವು ಕಾಣಿಸಿಕೊಂಡು, ಎಣ್ಣೆ ಜಿಡ್ಡನ್ನು ಕಡಮೆ ಮಾಡಬೇಕೆಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಯಜಮಾನರಿಗೋ ಬೆಳಗಿನ ದೋಸೆಯೆಂದರೆ ಪ್ರಾಣ. ದೋಸೆಯೂ ತಪ್ಪಬಾರದು, ಎಣ್ಣೆಯೂ ಹೆಚ್ಚಬಾರದು ಎಂದು ಯೋಚಿಸಿ ಸೊಸೆ ಒಂದು ನಾನ್‌ಸ್ಟಿಕ್ ಕಾವಲಿಯನ್ನು ಕೊಂಡು ತಂದಳು. ಮೊದಲ ದಿನ ದೋಸೆ ತಾನಾಗಿಯೇ ಜಾರಿ ತಟ್ಟೆಗೆ ಬಿದ್ದಾಗ ಅತ್ತೆಯವರೂ ಮೆಚ್ಚಿಕೊಂಡರು. ಹಳೆಯ ಕಬ್ಬಿಣದ ಕಾವಲಿ ಅಟ್ಟವನ್ನೇರಿತು. ಆದರೆ ಆರು ತಿಂಗಳು ಕಳೆಯುವುದರೊಳಗೆ ದೋಸೆ ನಡುವೆ ಕಚ್ಚಿಕೊಳ್ಳತೊಡಗಿತು.

"ಏನಮ್ಮ ಇದು, ಅಷ್ಟು ದುಡ್ಡು ಕೊಟ್ಟು ತಂದದ್ದು ಇಷ್ಟು ಬೇಗ ಹೀಗಾಯಿತಲ್ಲ! ದೋಸೆಯ ಜೊತೆಗೆ ಈ ಕರಿ ಚೂರುಗಳೂ ನಿಮ್ಮ ಮಾವನವರ ಹೊಟ್ಟೆಗೆ ಹೋಗುತ್ತಿವೆಯೋ ಏನೋ" ಎಂದರು ಅತ್ತೆ.

"ನಮಗೆ ಸಿಕ್ಕಿದ ಕಾವಲಿಯೇ ಸರಿಯಿಲ್ಲವೆಂದು ತೋರುತ್ತದೆ ಅತ್ತೆ" ಎಂದಳು ಸೊಸೆ.

ದೋಷ ಕಾವಲಿಯದೂ ಅಲ್ಲ, ಸೊಸೆಯದೂ ಅಲ್ಲ. ಕೈ ಪಳಗಿದ್ದು ಕಬ್ಬಿಣದ ಮೇಲೆ. ಕೆಲಸ ಮಾಡಿದ್ದು ಲೇಪದ ಮೇಲೆ. ಕಬ್ಬಿಣಕ್ಕೆ ಒಪ್ಪುವ ರೂಢಿಗಳೇ ಲೇಪಕ್ಕೆ ಕಂಟಕವಾಗುತ್ತವೆ. ಏಕೆಂಬುದನ್ನು ತಿಳಿಯಬೇಕಾದರೆ ಈ ಲೇಪದ ಜಾತಕವನ್ನು ಒಂದಿಷ್ಟು ನೋಡಬೇಕು.

ಸಿಲಿಂಡರಿನೊಳಗಿನ ಬಿಳಿಯ ಪುಡಿ

೧೯೩೮ರ ಏಪ್ರಿಲ್ ೬ರಂದು ಅಮೆರಿಕದ ನ್ಯೂಜರ್ಸಿಯಲ್ಲಿ, ಡ್ಯೂಪಾಂಟ್ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ರಾಯ್ ಪ್ಲಂಕೆಟ್ ಎಂಬ ಇಪ್ಪತ್ತೇಳು ವರ್ಷದ ರಸಾಯನಶಾಸ್ತ್ರಜ್ಞ ಒಂದು ಸಿಲಿಂಡರಿನ ಮುಚ್ಚಳವನ್ನು ತಿರುಗಿಸಿದ. ಅವನು ಅರಸುತ್ತಿದ್ದುದು ರೆಫ್ರಿಜರೇಟರಿಗೆ ಬೇಕಾದ ಹೊಸ ಅನಿಲವನ್ನು. ಸಿಲಿಂಡರಿನಿಂದ ಅನಿಲ ಹೊರಬರಲಿಲ್ಲ. ತೂಗಿ ನೋಡಿದರೆ ತೂಕವೂ ಕಡಮೆಯಾಗಿರಲಿಲ್ಲ. ಕೊನೆಗೆ ಸಿಲಿಂಡರನ್ನೇ ಕೊಯ್ದು ನೋಡಿದಾಗ ಒಳಗೆ ಕಂಡದ್ದು ಮೇಣದಂತೆ ನುಣುಪಾದ ಬಿಳಿಯ ಪುಡಿ. ಅದು ಆಮ್ಲಕ್ಕೆ ಕರಗದು, ಕ್ಷಾರಕ್ಕೆ ಜಗ್ಗದು, ಯಾವುದಕ್ಕೂ ಅಂಟದು. ಪಾಲಿಟೆಟ್ರಾಫ್ಲೋರೋಎಥಿಲೀನ್ ಎಂಬ ನಾಲಗೆ ತೊಡರುವ ಹೆಸರಿನ ಈ ವಸ್ತುವನ್ನು ಚಿಕ್ಕದಾಗಿ ಪಿ.ಟಿ.ಎಫ್.ಇ. ಎನ್ನುತ್ತಾರೆ. ೧೯೪೫ರಲ್ಲಿ ಅದಕ್ಕೆ ಇಟ್ಟ ವ್ಯಾಪಾರದ ಹೆಸರೇ ಟೆಫ್ಲಾನ್.

ಇದರ ಮೊದಲ ಉದ್ಯೋಗ ಅಡುಗೆಮನೆಯದಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಣುಬಾಂಬಿಗಾಗಿ ಯುರೇನಿಯಮನ್ನು ಸಂಸ್ಕರಿಸುವಾಗ, ಲೋಹವನ್ನು ತಿಂದುಹಾಕುವ ಉಗ್ರ ಅನಿಲವನ್ನು ತಡೆದುಕೊಳ್ಳಲು ಇದು ಬಳಕೆಯಾಯಿತು. ಒಲೆಯ ಬಳಿಗೆ ಇದನ್ನು ಕರೆತಂದ ಕೀರ್ತಿ ಫ್ರಾನ್ಸಿನ ಒಂದು ದಂಪತಿಗೆ ಸಲ್ಲಬೇಕು. ಮಾರ್ಕ್ ಗ್ರೆಗ್ವಾರ್ ಎಂಬ ಇಂಜಿನಿಯರು ಮೀನು ಹಿಡಿಯುವ ದಾರ ತೊಡಕಾಗದಿರಲೆಂದು ಇದನ್ನು ಬಳಸುತ್ತಿದ್ದನೆಂದೂ, ಅದೇ ಉಪಾಯವನ್ನು ತನ್ನ ಬಾಣಲೆಗೇಕೆ ಮಾಡಬಾರದೆಂದು ಅವನ ಹೆಂಡತಿ ಕೊಲೆಟ್ ಕೇಳಿದಳೆಂದೂ ಹೇಳುತ್ತಾರೆ. ೧೯೫೪ರಲ್ಲಿ ಅಲ್ಯುಮಿನಿಯಮ್ಮಿಗೆ ಈ ಲೇಪವನ್ನು ಹಿಡಿಸುವ ವಿಧಾನ ಸಿದ್ಧಿಸಿತು. ೧೯೫೬ರಲ್ಲಿ ಟೆಫಾಲ್ ಸಂಸ್ಥೆ ಸ್ಥಾಪಿತವಾಯಿತು. ಟೆಫ್ಲಾನಿನ ಮೊದಲ ಭಾಗವನ್ನೂ ಅಲ್ಯುಮಿನಿಯಮ್ಮಿನ ಮೊದಲ ಭಾಗವನ್ನೂ ಕೂಡಿಸಿ ಮಾಡಿದ ಹೆಸರದು.

ಭಾರತದಲ್ಲಿ ಈ ಬಗೆಯ ಪಾತ್ರೆಗಳಿಗೆ ನಾಂದಿ ಹಾಡಿದ್ದು ೧೯೬೮ರಲ್ಲಿ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಆರಂಭವಾದ ಒಂದು ಸಂಸ್ಥೆ. ಅದರ ಹೆಸರು 'ನಿರ್ಲೇಪ್'. ತಾವರೆಯೆಲೆಯ ಮೇಲಿನ ನೀರಿನಂತೆ ಯಾವುದನ್ನೂ ಅಂಟಿಸಿಕೊಳ್ಳದವನನ್ನು ನಿರ್ಲೇಪನೆಂದು ಕರೆಯುವುದು ವೇದಾಂತದ ಪರಿಭಾಷೆ. ಲೇಪವೇ ಸರ್ವಸ್ವವಾದ ವಸ್ತುವಿಗೆ ನಿರ್ಲೇಪವೆಂದು ಹೆಸರಿಟ್ಟುದರಲ್ಲಿ ಸ್ವಾರಸ್ಯವಿಲ್ಲದೆ ಇಲ್ಲ.

ಅಂಟದ ವಸ್ತು ಕಾವಲಿಗೆ ಅಂಟಿದ ಬಗೆ

ಯಾವುದಕ್ಕೂ ಅಂಟದ ಪದಾರ್ಥ ಕಾವಲಿಗೆ ಮಾತ್ರ ಹೇಗೆ ಅಂಟಿಕೊಂಡಿತು ಎಂಬುದು ಬುದ್ಧಿವಂತ ಮಕ್ಕಳು ಕೇಳುವ ಪ್ರಶ್ನೆ. ಅದರ ಅಣುಗಳಲ್ಲಿ ಇಂಗಾಲವನ್ನು ಫ್ಲೋರಿನ್ ಸುತ್ತುಗಟ್ಟಿ ಬಿಗಿಯಾಗಿ ಹಿಡಿದಿರುವುದರಿಂದ ಹೊರಗಿನ ಯಾವುದರ ಸಹವಾಸಕ್ಕೂ ಅದು ಹೋಗುವುದಿಲ್ಲ. ಆದುದರಿಂದ ಲೋಹದ ಮೈಯನ್ನು ಮೊದಲು ಆಮ್ಲದಿಂದಲೋ ಮರಳಿನಂಥ ಕಣಗಳನ್ನು ರಭಸದಿಂದ ಚಿಮ್ಮಿಸಿಯೋ ಒರಟು ಮಾಡುತ್ತಾರೆ. ಆ ಸೂಕ್ಷ್ಮ ತಗ್ಗುದಿಣ್ಣೆಗಳಿಗೆ, ಅಂಟುಗುಣದ ಬೇರೊಂದು ವಸ್ತುವನ್ನು ಬೆರೆಸಿದ ಮೊದಲ ಪದರವನ್ನು ಬಳಿದು, ಅದರ ಮೇಲೆ ಶುದ್ಧ ಲೇಪದ ಪದರಗಳನ್ನು ಕೊಟ್ಟು, ಭಾರಿ ಶಾಖದಲ್ಲಿ ಬೇಯಿಸುತ್ತಾರೆ. ಹೀಗೆ ಗಾರೆ ಗೋಡೆಯನ್ನು ಹಿಡಿದಂತೆ ಲೇಪ ಲೋಹವನ್ನು ಹಿಡಿದುಕೊಳ್ಳುತ್ತದೆ.

ಹಿಂದೆ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಹುಳಿ ಸೇರಿ ಅಡುಗೆ ಕಿಲುಬಾಗದಿರಲೆಂದು ತವರದ ತೆಳುವಾದ ಹೊದಿಕೆ. ಅದೂ ಲೇಪವೇ. ಆದರೆ ಕಲಾಯಿ ಸವೆದರೆ, ಬೀದಿಯಲ್ಲಿ ಕೂಗುತ್ತ ಬರುವ ಕಲಾಯಿಯವನು ತಿದಿಯೊತ್ತಿ, ನವಸಾಗರ ಉಜ್ಜಿ, ಪಾತ್ರೆಗೆ ಮತ್ತೆ ಯೌವನವನ್ನು ಕೊಡುತ್ತಿದ್ದನು. ಕಾರ್ಖಾನೆಯ ಈ ಲೇಪಕ್ಕೆ ಮನೆಬಾಗಿಲಲ್ಲಿ ಪುನರ್ಜನ್ಮವಿಲ್ಲ. ಒಮ್ಮೆ ಗೀರಿದರೆ ಗೀರಿದಂತೆಯೇ. ಕಬ್ಬಿಣದ ಕಾವಲಿ ಬಳಸಿದಷ್ಟೂ ಎಣ್ಣೆಯನ್ನು ಕುಡಿದು ಪಳಗುತ್ತದೆ. ನಾನ್‌ಸ್ಟಿಕ್ ಕಾವಲಿ ಕೊಂಡ ದಿನವೇ ತನ್ನ ಉಚ್ಛ್ರಾಯದಲ್ಲಿರುತ್ತದೆ. ಅದರ ಆರೈಕೆಯೆಂದರೆ ಸವೆತವನ್ನು ನಿಧಾನಗೊಳಿಸುವುದು, ಅಷ್ಟೆ.

ಉರಿಯ ಲೆಕ್ಕ

ಕಬ್ಬಿಣದ ಕಾವಲಿಯನ್ನು ಒಲೆಯ ಮೇಲಿಟ್ಟು, ಅದು ಕಾಯುವಷ್ಟರಲ್ಲಿ ಚಟ್ನಿ ರುಬ್ಬಿಕೊಂಡು ಬರುವುದು ಅನೇಕ ಮನೆಗಳ ರೂಢಿ. ಚೆನ್ನಾಗಿ ಕಾದ ಹೊರತು ದೋಸೆ ಏಳುವುದಿಲ್ಲವೆಂಬುದು ಅನುಭವದ ಮಾತು. ನಾನ್‌ಸ್ಟಿಕ್ ಕಾವಲಿಗೆ ಮಾತ್ರ ಇದಕ್ಕಿಂತ ದೊಡ್ಡ ಅಪಾಯ ಬೇರೆ ಇಲ್ಲ.

ಈ ಲೇಪ ಸುಮಾರು ೨೬೦ ಡಿಗ್ರಿ ಸೆಂಟಿಗ್ರೇಡಿನವರೆಗೆ ನಿಶ್ಚಿಂತೆಯಾಗಿ ಶಾಖವನ್ನು ತಾಳುತ್ತದೆ. ೩೨೭ ಡಿಗ್ರಿಯ ಹತ್ತಿರ ಅದು ಕರಗುವ ಸ್ಥಿತಿಗೆ ಬರುತ್ತದೆ. ೩೫೦ ಡಿಗ್ರಿಯನ್ನು ದಾಟಿದರೆ ಒಡೆದು ಹಾನಿಕರವಾದ ಹೊಗೆಯನ್ನು ಗಣನೀಯವಾಗಿ ಬಿಡತೊಡಗುತ್ತದೆ. ಆ ಹೊಗೆಯನ್ನು ಕುಡಿದವರಿಗೆ ಕೆಲವು ಗಂಟೆಗಳ ತರುವಾಯ ಚಳಿಜ್ವರ, ಮೈಕೈನೋವು, ಎದೆಯ ಬಿಗಿತ ಕಾಣಿಸಿಕೊಳ್ಳಬಹುದು. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುವ ಈ ಬಾಧೆಯನ್ನು ಫ್ಲೂ ಎಂದು ಭ್ರಮಿಸುವವರೇ ಹೆಚ್ಚು. ಆದರೆ ಪಂಜರದ ಪುಟ್ಟ ಹಕ್ಕಿಗಳ ಶ್ವಾಸಕೋಶ ಬಹಳ ಸೂಕ್ಷ್ಮವಾದುದು. ಅತಿಯಾಗಿ ಕಾದ ನಾನ್‌ಸ್ಟಿಕ್ ಪಾತ್ರೆಯ ಹೊಗೆಗೆ ಅವು ಸತ್ತೇಹೋಗುತ್ತವೆ. ಲವ್ ಬರ್ಡ್ಸ್ ಸಾಕಿರುವ ಮನೆಯವರು ಅವುಗಳ ಪಂಜರವನ್ನು ಅಡುಗೆಮನೆಯಿಂದ ದೂರ ಇಡುವುದು ಲೇಸು.

ನೀರಿನಂಶವುಳ್ಳ ಹಿಟ್ಟೋ ಪಲ್ಯವೋ ಕಾವಲಿಯ ಮೇಲಿರುವಾಗ ಶಾಖ ಮಿತಿಮೀರುವುದು ಅಪರೂಪ. ಒಲೆಯ ಬಿಸಿಯನ್ನು ಆವಿ ಹೊತ್ತುಕೊಂಡು ಹೋಗುತ್ತದೆ. ಖಾಲಿ ಕಾವಲಿಗೆ ಆ ರಕ್ಷೆಯಿಲ್ಲ. ಜೋರಾದ ಉರಿಯ ಮೇಲೆ ತೆಳುವಾದ ಖಾಲಿ ಕಾವಲಿ ಕೆಲವೇ ನಿಮಿಷಗಳಲ್ಲಿ ಅಪಾಯದ ಗೆರೆಯನ್ನು ಮುಟ್ಟಬಲ್ಲುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೪ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಖಾಲಿ ಪಾತ್ರೆಯನ್ನು ಬಹಳ ಹೊತ್ತು ಒಲೆಯ ಮೇಲೆ ಬಿಡುವ ವಿಷಯದಲ್ಲಿ ಎಚ್ಚರ ಹೇಳಿದೆ.

ಮನೆಯಲ್ಲಿ ಶಾಖಮಾಪಕವಿಲ್ಲವೆಂದು ಚಿಂತಿಸಬೇಕಾದುದಿಲ್ಲ, ಎಣ್ಣೆಯೇ ಶಾಖಮಾಪಕ. ಸಾಮಾನ್ಯವಾದ ಅಡುಗೆ ಎಣ್ಣೆಗಳಲ್ಲಿ ಹೆಚ್ಚಿನವು ಸುಮಾರು ೨೦೦ರಿಂದ ೨೩೦ ಡಿಗ್ರಿಯಲ್ಲಿಯೇ ಹೊಗೆಯಾಡುತ್ತವೆ. ಕಾವಲಿಯನ್ನು ಒಲೆಗಿಡುವ ಮೊದಲೇ ನಾಲ್ಕು ಹನಿ ಎಣ್ಣೆಯನ್ನು ಸವರಿ, ಮಧ್ಯಮ ಉರಿಯಲ್ಲಿ ಕಾಯಿಸಬೇಕು. ಎಣ್ಣೆ ಹೊಗೆಯಾಡಿತೆಂದರೆ ಉರಿ ಹೆಚ್ಚಾಯಿತೆಂದೇ ಅರ್ಥ, ಒಡನೆಯೇ ತಗ್ಗಿಸಬೇಕು.

ಹೊಟ್ಟೆಗೆ ಹೋದ ಚೂರು, ಹೊಳೆಗೆ ಸೇರಿದ ವಿಷ

ಇನ್ನು ಅತ್ತೆಯವರ ಆತಂಕಕ್ಕೆ ಬರೋಣ. ಕಿತ್ತುಬಂದ ಚೂರು ಹೊಟ್ಟೆಗೆ ಹೋದರೆ ಏನಾಗುತ್ತದೆ? ಪಿ.ಟಿ.ಎಫ್.ಇ. ಜಡವಾದ ವಸ್ತು. ಜಠರದ ಆಮ್ಲಕ್ಕೂ ಅದು ಕರಗುವುದಿಲ್ಲ. ಬಂದಂತೆಯೇ ಹೊರಗೆ ಹೋಗುತ್ತದೆ. ಆ ಮಟ್ಟಿಗೆ ಭಯ ಬೇಕಿಲ್ಲ.

ಲೋಕವನ್ನು ಬೆಚ್ಚಿಸಿದ್ದು ಆ ಚೂರಲ್ಲ, ಲೇಪವನ್ನು ತಯಾರಿಸುವಾಗ ಬಳಸುತ್ತಿದ್ದ ಇನ್ನೊಂದು ರಾಸಾಯನಿಕ. ಅದರ ಹೆಸರು ಪಿ.ಎಫ್.ಒ.ಎ. ಅಮೆರಿಕದ ಪಶ್ಚಿಮ ವರ್ಜೀನಿಯದಲ್ಲಿ ಒಹಾಯೊ ನದಿಯ ದಡದ ಪಾರ್ಕರ್ಸ್‌ಬರ್ಗ್ ಊರಿನ ಬಳಿಯಿದ್ದ ಡ್ಯೂಪಾಂಟ್ ಕಾರ್ಖಾನೆಯಿಂದ ಅದು ನೀರಿಗೆ ಸೇರುತ್ತಿತ್ತು. ಅಲ್ಲಿನ ರೈತನೊಬ್ಬನ ದನಗಳು ಒಂದೊಂದಾಗಿ ಸಾಯತೊಡಗಿದಾಗ ರಾಬರ್ಟ್ ಬಿಲಾಟ್ ಎಂಬ ವಕೀಲ ಮೊಕದ್ದಮೆ ಹೂಡಿದನು. ಬಚ್ಚಿಟ್ಟ ಸಂಗತಿಗಳು ಒಂದೊಂದಾಗಿ ಹೊರಬಿದ್ದವು. ಸುತ್ತಲಿನ ಜನರ ಆರೋಗ್ಯವನ್ನು ಪರೀಕ್ಷಿಸಿದ ವಿಜ್ಞಾನಿಗಳ ಮಂಡಲಿ ೨೦೧೨ರ ವೇಳೆಗೆ ಮೂತ್ರಪಿಂಡದ ಕ್ಯಾನ್ಸರ್, ಥೈರಾಯ್ಡ್ ವ್ಯಾಧಿ ಮೊದಲಾದ ಆರು ಬಾಧೆಗಳಿಗೂ ಈ ರಾಸಾಯನಿಕಕ್ಕೂ ಸಂಬಂಧವಿರುವ ಸಂಭವವನ್ನು ತಿಳಿಸಿತು. ೨೦೧೭ರಲ್ಲಿ ಸುಮಾರು ೬೭ ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ೨೦೧೯ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯು ಪಿ.ಎಫ್.ಒ.ಎ.ಯನ್ನು ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವು ೨೦೨೩ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ಘೋಷಿಸಿತು.

ಅಂಗಡಿಯ ಪೆಟ್ಟಿಗೆಗಳ ಮೇಲೆ 'ಪಿ.ಎಫ್.ಒ.ಎ. ಮುಕ್ತ' ಎಂದು ಅಚ್ಚಾಗಿರುವುದರ ಹಿಂದಿನ ಕಥೆ ಇದು. ಅದು ಒಳ್ಳೆಯ ಮಾತೇ. ಆದರೆ ಅದರ ಅರ್ಥ ಆ ಲೇಪದಲ್ಲಿ ಪಿ.ಟಿ.ಎಫ್.ಇ. ಇಲ್ಲವೆಂದಲ್ಲ. ಉರಿಯ ಎಚ್ಚರ ಈ ಕಾವಲಿಗಳಿಗೂ ಬೇಕು. ಈ ಇಡೀ ರಾಸಾಯನಿಕ ವರ್ಗ ಮಣ್ಣುನೀರಿನಲ್ಲಿ ಬಹುಕಾಲ ನಾಶವಾಗದೆ ಉಳಿಯುವುದರಿಂದ, ಅಮೆರಿಕದ ಮಿನ್ನೆಸೋಟ ರಾಜ್ಯ ೨೦೨೫ರ ಜನವರಿಯಿಂದ ಇಂಥ ಲೇಪವುಳ್ಳ ಅಡುಗೆ ಪಾತ್ರೆಗಳ ಮಾರಾಟವನ್ನೇ ನಿಲ್ಲಿಸಿತು. ಮುರಿದ ಕಾವಲಿಯನ್ನು ವರ್ಷವರ್ಷವೂ ಎಸೆದು ಹೊಸದನ್ನು ತರುವುದು ದುಡ್ಡಿನ ಲೆಕ್ಕ ಮಾತ್ರವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೊಳ್ಳುವಾಗ

ಅಂಗಡಿಯಲ್ಲಿ ಹೊಳಪನ್ನು ನೋಡಿ ಮರುಳಾಗದೆ ಮೊದಲು ತೂಕವನ್ನು ನೋಡಬೇಕು. ತಳ ಸುಮಾರು ಮೂರು ಮಿಲಿಮೀಟರಿಗೆ ಕಡಮೆಯಿಲ್ಲದಷ್ಟು ದಪ್ಪವಾಗಿದ್ದರೆ ಬಿಸಿ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ತೆಳುವಾದ ತಳ ಒಂದೇ ಕಡೆ ಕಾದು, ಬಾಗಿ, ಲೇಪವನ್ನು ಬೇಗ ಕೆಡಿಸುತ್ತದೆ. ಕಾವಲಿಯನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಅಲುಗಾಡುವುದೇ ಎಂದು ಒತ್ತಿ ನೋಡುವುದು ಸುಲಭವಾದ ಪರೀಕ್ಷೆ.

ಮನೆಯ ಒಲೆಗಿಂತ ದೊಡ್ಡ ಕಾವಲಿಯ ಆಸೆ ಬೇಡ. ನಡು ಕಾದು ಅಂಚು ತಣ್ಣಗಿದ್ದರೆ ದೋಸೆ ಸಮನಾಗಿ ಬೇಯದು. ಇಂಡಕ್ಷನ್ ಒಲೆಯಿರುವವರು ಒಂದು ಅಯಸ್ಕಾಂತದ ಚೂರನ್ನು ಜೊತೆಗೆ ಒಯ್ಯಬೇಕು. ಅದು ತಳಕ್ಕೆ ಕಚ್ಚಿಕೊಂಡರೆ ಮಾತ್ರ ಕಾವಲಿ ಆ ಒಲೆಗೆ ಒಪ್ಪುತ್ತದೆ. ಬರಿಯ ಅಲ್ಯುಮಿನಿಯಮ್ ಕಾಯುವುದಿಲ್ಲ. ಹಿಡಿಕೆ ಭದ್ರವಾಗಿದೆಯೇ, ಐ.ಎಸ್.ಐ. ಗುರುತು ಇದೆಯೇ ಎಂಬುದನ್ನೂ ಗಮನಿಸಬೇಕು.

ಸೆರಾಮಿಕ್ ಎಂದು ಕರೆಯುವ ಇನ್ನೊಂದು ಬಗೆಯೂ ಉಂಟು. ಅದು ಮರಳಿನ ಮೂಲದ್ರವ್ಯವಾದ ಸಿಲಿಕದಿಂದ ಮಾಡಿದ ಲೇಪ; ಅದರಲ್ಲಿ ಪಿ.ಟಿ.ಎಫ್.ಇ. ಇರುವುದಿಲ್ಲ. ಹೆಚ್ಚಿನ ಶಾಖವನ್ನು ತಾಳುತ್ತದೆ. ಆದರೆ ಅದರ ಅಂಟದ ಗುಣ ಸಾಮಾನ್ಯವಾಗಿ ಇನ್ನೂ ಬೇಗ ಕುಂದುತ್ತದೆ. ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಬಿಟ್ಟುಕೊಡಬೇಕು.

ಬಾಳಿಕೆಯ ಗುಟ್ಟು

ಸ್ಟೀಲಿನ ಸೌಟಿನ ತಳದಿಂದ ಒತ್ತಿ ಹಿಟ್ಟನ್ನು ಸುತ್ತುವುದು, ಕಬ್ಬಿಣದ ಮಗುಚುವ ಕೈಯಿಂದ ಕೆರೆದು ಎಬ್ಬಿಸುವುದು ಇವೆರಡೂ ಇಲ್ಲಿ ವರ್ಜ್ಯ. ಮರದ ಸೌಟು, ಮರದ ಅಥವಾ ಸಿಲಿಕೋನಿನ ಮಗುಚುವ ಕೈ ಇರಲಿ. ಕಾವಲಿ ತೀರ ಕಾದಾಗ ಹಿಟ್ಟು ಹರಡದೆ ಸೌಟಿನ ಜೊತೆಯಲ್ಲಿಯೇ ಸುತ್ತಿಕೊಂಡು ಬರುತ್ತದೆ. ಉರಿಯನ್ನು ಸಣ್ಣದು ಮಾಡಿ, ಕಾವಲಿ ಹದವಾಗಿ ಬೆಚ್ಚಗಿರುವಾಗ ಹಿಟ್ಟನ್ನು ಹರಡಿ, ಆಮೇಲೆ ಉರಿಯನ್ನು ತುಸು ಏರಿಸಿದರೆ ದೋಸೆ ತೆಳ್ಳಗೆ ಬರುತ್ತದೆ.

ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದು ಚುಂಯ್ ಎನ್ನಿಸುವುದು ಕೆಲವರಿಗೆ ಮೋಜು. ಹಠಾತ್ತನೆ ತಣಿದ ಲೋಹ ಬಾಗುತ್ತದೆ. ಲೇಪದ ಹಿಡಿತ ಸಡಿಲುತ್ತದೆ. ಮೊದಲು ಆರಲು ಬಿಡಬೇಕು. ಅನಂತರ ಮೆತ್ತನೆಯ ಸ್ಪಂಜು, ಬೆಚ್ಚನೆಯ ನೀರು, ಸ್ವಲ್ಪ ಸೋಪು ಸಾಕು. ಬೂದಿ, ತೆಂಗಿನ ನಾರು, ಸ್ಟೀಲಿನ ನಾರು ಹತ್ತಿರ ಸುಳಿಯಬಾರದು. ಪಾತ್ರೆ ತೊಳೆಯಲು ಬರುವಾಕೆಗೆ ಇದನ್ನು ಬಿಡದೆ ಮನೆಯವರೇ ತೊಳೆದಿಟ್ಟುಕೊಳ್ಳುವುದು ಮೇಲು. ಆಕೆ ಹತ್ತು ಮನೆಗಳ ಸುಟ್ಟ ಪಾತ್ರೆಗಳನ್ನು ಬೆಳಗಬೇಕಾದವಳು. ಕೈ ಬಿಗಿಯಾಗಿದ್ದರೆ ಅದು ಆಕೆಯ ತಪ್ಪಲ್ಲ.

ಎಷ್ಟೋ ವೇಳೆ ಲೇಪ ಕೆಡದಿದ್ದರೂ ದೋಸೆ ಕಚ್ಚುತ್ತದೆ. ಸರಿಯಾಗಿ ತೊಳೆಯದೆ ಉಳಿದ ಎಣ್ಣೆಯ ಜಿಡ್ಡು ದಿನದಿನವೂ ಸುಟ್ಟು ಕಂದು ಪೊರೆಯಾಗಿ ಕೂತಿರುವುದೇ ಅದಕ್ಕೆ ಕಾರಣ. ಕಾವಲಿಗೆ ನೀರು ಹಾಕಿ, ಒಂದು ಚಮಚ ಅಡುಗೆ ಸೋಡಾ ಬೆರೆಸಿ, ಸಣ್ಣ ಉರಿಯಲ್ಲಿ ಕೆಲವು ನಿಮಿಷ ಕುದಿಸಿ, ಆರಿದ ಮೇಲೆ ಮೆಲ್ಲಗೆ ಒರಸಿದರೆ ಪೊರೆ ಬಿಡುತ್ತದೆ. ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಒಂದು ಬಟ್ಟೆಯ ತುಂಡನ್ನು ಹಾಸಬೇಕು. ಲೇಪ ಪದರುಪದರಾಗಿ ಏಳತೊಡಗಿದ ಕಾವಲಿಯನ್ನು ಮಾತ್ರ ಮೋಹವಿಲ್ಲದೆ ಬಿಟ್ಟುಕೊಡಬೇಕು. ಕಿತ್ತ ಕಡೆಯಲ್ಲಿ ಅಡುಗೆ ಕಚ್ಚುತ್ತದೆ. ಹುಳಿ ನೇರವಾಗಿ ಅಲ್ಯುಮಿನಿಯಮ್ಮನ್ನು ಮುಟ್ಟುತ್ತದೆ.

ಎರಡು ಒಲೆ, ಎರಡು ಕಾವಲಿ

ಹಾಗಾದರೆ ಕಬ್ಬಿಣವೋ, ಲೇಪವೋ? ಒಂದನ್ನು ಅಟ್ಟಕ್ಕೇರಿಸಿ ಇನ್ನೊಂದನ್ನು ಒಲೆಗೇರಿಸಬೇಕೆಂಬ ನಿಯಮವೇನೂ ಇಲ್ಲ. ಅಕ್ಕಿರೊಟ್ಟಿಯನ್ನು ತಣ್ಣನೆಯ ಕಾವಲಿಯ ಮೇಲೆಯೇ ತಟ್ಟಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ; ಲೇಪದ ಕಾವಲಿಗೆ ಹೇಳಿ ಮಾಡಿಸಿದ ಕೆಲಸವದು. ಎಣ್ಣೆ ಕಡಮೆ ಬೇಕಾದವರ ದೋಸೆಯನ್ನೂ ಅದರ ಮೇಲೆ ನಿಧಾನವಾಗಿ ಮಾಡಬಹುದು. ಜೋಳದ ರೊಟ್ಟಿ, ಚಪಾತಿ, ಸಾರಿನ ಪುಡಿಗೆ ಮೆಣಸಿನಕಾಯಿ ಕೊತ್ತಂಬರಿ ಹುರಿಯುವುದು, ಒಗ್ಗರಣೆ ಇವೆಲ್ಲ ಒಣ ಬಿಸಿಯ, ಜೋರು ಉರಿಯ ಕೆಲಸಗಳು. ಇವು ಕಬ್ಬಿಣಕ್ಕೆ ಸೇರಿದುವು.

ಆ ಮನೆಯಲ್ಲಿಯೂ ಕೊನೆಗೆ ಹೀಗೆಯೇ ಆಯಿತು. ಅಟ್ಟದ ಮೇಲಿನ ಕಬ್ಬಿಣದ ಕಾವಲಿ ತುಕ್ಕು ಹಿಡಿದು ಕೆಳಗಿಳಿಯಿತು. ಅತ್ತೆಯವರು ಅದನ್ನು ಉಜ್ಜಿ ತೊಳೆದು, ನೀರು ಪೂರ್ತಿ ಆರುವಂತೆ ಕಾಯಿಸಿ, ತೆಳುವಾಗಿ ಎಣ್ಣೆ ಸವರಿ, ಕಾಯಿಸಿ ಆರಿಸಿ ಮತ್ತೆ ಸವರಿ, ನಾಲ್ಕೈದು ದಿನಗಳಲ್ಲಿ ಪಳಗಿಸಿದರು. ಸೊಸೆ ದಪ್ಪ ತಳದ ಇನ್ನೊಂದು ನಾನ್‌ಸ್ಟಿಕ್ ಕಾವಲಿಯನ್ನು ತಂದು, ಅದರ ಪಕ್ಕದಲ್ಲಿ ಮರದ ಸೌಟನ್ನು ನೇತುಹಾಕಿದಳು.

"ಇದನ್ನು ನೀವು ಮುಟ್ಟುವುದಾದರೆ ಮೆತ್ತಗೆ ಅತ್ತೆ" ಎಂದಳು.

"ಅದನ್ನು ನೀನು ಮುಟ್ಟುವುದಾದರೆ ಒದ್ದೆ ಬಿಡಬೇಡ ತಾಯಿ" ಎಂದರು ಅವರು.

ಯಜಮಾನರಿಗೆ ಬೆಳಗ್ಗೆ ಎರಡು ದೋಸೆ, ನಾಲ್ಕೇ ಹನಿ ಎಣ್ಣೆ. ದೋಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ತೂತು ದೋಸೆಯದೇ" ಎಂದು ನಗುತ್ತ ಅವರು ಚಟ್ನಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು.